ಕಾಡಿನ ನಡುವೆ ಹೈಡ್ರಾಲಿಕ್ ಹೋಸ್ ಒಡೆದರೆ: ಸ್ಥಳದಲ್ಲೇ ರಿಪೇರಿ ಮಾಡುವ ಸಮಗ್ರ ಮಾರ್ಗದರ್ಶಿ

ಡಾಂಬರು ರಸ್ತೆಯಿಂದ ಗಂಟೆಗಟ್ಟಲೆ ದೂರದ ಕಾಡು. ಅಲ್ಲಿ ದಿಮ್ಮಿ ಎತ್ತುವ ಯಂತ್ರದ ಹೋಸ್ (ಒತ್ತಡದ ಎಣ್ಣೆ ಸಾಗಿಸುವ ರಬ್ಬರ್ ಕೊಳವೆ) ಒಡೆದರೆ ಒಂದು ಯಂತ್ರ ಮಾತ್ರ ನಿಲ್ಲುವುದಿಲ್ಲ. ಕಡಿಯುವವರು, ಎಳೆಯುವವರು, ಲಾರಿಗೆ ತುಂಬುವವರು ಎಲ್ಲರೂ ಕೈಕಟ್ಟಿ ಕೂರಬೇಕು. ಎಲ್ಲರ ಕಣ್ಣೂ ಮೆಕ್ಯಾನಿಕ್ ಮೇಲೆ. ಅವಸರ ಹುಟ್ಟುವುದು ಅಲ್ಲೇ.

ಹೋಸ್ ರಿಪೇರಿ ಅಂದರೆ ಫಿಟ್ಟಿಂಗ್ (ಹೋಸಿನ ತುದಿಯ ಲೋಹದ ಜೋಡಣೆ) ಒತ್ತುವುದು ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಈ ಕೆಲಸದ ಸುಲಭದ ಭಾಗ. ಒತ್ತಡವನ್ನು ಪೂರ್ತಿ ಇಳಿಸುವುದು, ಸರಿಯಾದ ಹೋಸ್ ಆರಿಸುವುದು, ಒಳಗೆ ಕಸ ಹೋಗದಂತೆ ಕಾಯುವುದು, ಈ ಮೂರೇ ಕಷ್ಟದವು. ಹಾಗಾಗಿ ಈ ಬರಹದಲ್ಲಿ ಜಾಸ್ತಿ ಜಾಗ ಇವಕ್ಕೇ ಕೊಟ್ಟಿದ್ದೇನೆ.

ಒಡೆದ ತಕ್ಷಣ

ಮೊದಲು ಎಂಜಿನ್ ಆಫ್ ಮಾಡಿ. ದೊಡ್ಡ ಯಂತ್ರದ ಪಂಪ್ ನಿಮಿಷಕ್ಕೆ ನೂರಾರು ಲೀಟರ್ ಎಣ್ಣೆ ತಳ್ಳುತ್ತದೆ. ಆಪರೇಟರ್ ಸ್ವಲ್ಪ ತಡ ಮಾಡಿದರೂ ಟ್ಯಾಂಕ್ ಬರಿದಾಗುತ್ತದೆ. ಎಣ್ಣೆಯಿಲ್ಲದೆ ತಿರುಗಿದ ಪಂಪ್ ಹಾಳಾದರೆ ಅದನ್ನು ಕಾಡಿನಲ್ಲಿ ಸರಿಮಾಡಲು ಆಗುವುದಿಲ್ಲ.

ಎರಡನೆಯದು ಬೆಂಕಿ. ಮಂಜಿನಂತೆ ಚಿಮ್ಮಿದ ಎಣ್ಣೆ ಬಿಸಿ ಟರ್ಬೊ ಅಥವಾ ಸೈಲೆನ್ಸರ್ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಸುತ್ತ ಒಣ ಎಲೆ, ಮರದ ಪುಡಿ ಬೇರೆ. ಬೆಂಕಿ ಆರಿಸುವ ಸಿಲಿಂಡರನ್ನು ಕೈಗೆ ಸಿಗುವಂತೆ ಇಟ್ಟುಕೊಂಡೇ ಯಂತ್ರದ ಹತ್ತಿರ ಹೋಗಿ.

ಮೂರನೆಯದು ನೆಲ. ಎಣ್ಣೆ ಹೀರುವ ಪ್ಯಾಡ್ ಹಾಸಿ, ಕೆಳಗೆ ಬಕೆಟ್ ಇಡಿ. ಹತ್ತಿರ ಹಳ್ಳ, ತೋಡು ಇದ್ದರೆ ಎಣ್ಣೆ ಅತ್ತ ಹರಿಯದಂತೆ ಮೊದಲು ಮಣ್ಣಿನ ಒಡ್ಡು ಹಾಕಿ. ಕೆಲವು ಮರ ಕಡಿಯುವ ಹಾರ್ವೆಸ್ಟರ್, ದಿಮ್ಮಿ ಹೊರುವ ಫಾರ್ವರ್ಡರ್‌ಗಳ ಟ್ಯಾಂಕಿಗೆ ವ್ಯಾಕ್ಯೂಮ್ ಪಂಪ್ ಇರುತ್ತದೆ. ಅದನ್ನು ಚಾಲೂ ಮಾಡಿದರೆ ಹೋಸ್ ಬಿಚ್ಚಿದಾಗ ಸುರಿಯುವ ಎಣ್ಣೆ ತುಂಬಾ ಕಡಿಮೆಯಾಗುತ್ತದೆ.

ಒತ್ತಡ ಇಳಿಸುವುದು

ಎಂಜಿನ್ ನಿಂತಿದೆ, ಇನ್ನೇನು ಅಂತ ಸ್ಪ್ಯಾನರ್ ಹಾಕಬೇಡಿ. ಎಂಜಿನ್ ನಿಂತ ಮೇಲೂ ಮೂರು ಕಡೆ ಒತ್ತಡ ಉಳಿದಿರುತ್ತದೆ: ಎತ್ತಿ ನಿಲ್ಲಿಸಿದ ತೋಳು ಅಂದರೆ ಬೂಮ್‌ನ ಭಾರದಲ್ಲಿ, ಒತ್ತಡದ ಎಣ್ಣೆ ಕೂಡಿಟ್ಟುಕೊಳ್ಳುವ ಅಕ್ಯುಮ್ಯುಲೇಟರ್‌ನಲ್ಲಿ, ಗಾಳಿ ಕಟ್ಟಿದ ಟ್ಯಾಂಕಿನಲ್ಲಿ.

ಬೂಮ್, ಗ್ರಾಪಲ್ (ದಿಮ್ಮಿ ಹಿಡಿಯುವ ಇಕ್ಕಳ), ಬ್ಲೇಡ್, ಕಡಿಯುವ ಹೆಡ್ ಎಲ್ಲವನ್ನೂ ನೆಲಕ್ಕೆ ಇಳಿಸಿ. ಹೋಸ್ ಒಡೆದಿರುವುದರಿಂದ ಬೂಮ್ ಇಳಿಯದೆ ಮೇಲೆಯೇ ನಿಂತಿದ್ದರೆ ಮೊದಲು ಗಟ್ಟಿ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಆಧಾರ ಕೊಡಿ. ಆಮೇಲೆ ಯಂತ್ರದ ಪುಸ್ತಕದಲ್ಲಿ ಹೇಳಿರುವ ತುರ್ತು ಇಳಿಸುವ ವಾಲ್ವ್ ಬಳಸಿ. ಜೋತುಬಿದ್ದ ಬೂಮ್ ಕೆಳಗೆ ಯಾರೂ ನಿಲ್ಲಬಾರದು, ಒಂದು ಕ್ಷಣಕ್ಕೂ.

ಈಗ ಎಂಜಿನ್ ಆಫ್ ಇರುವಾಗಲೇ ಕೀ ಆನ್ ಮಾಡಿ. ಪ್ರತಿ ಲಿವರನ್ನೂ ಎಲ್ಲ ದಿಕ್ಕಿಗೂ ಹಲವು ಸಲ ಆಡಿಸಿ. ಪೆಡಲ್‌ಗಳನ್ನೂ ಮರೆಯಬೇಡಿ. ಕೀ ಆನ್ ಇಲ್ಲದಿದ್ದರೆ ಅನೇಕ ಯಂತ್ರಗಳಲ್ಲಿ ಮುಖ್ಯ ವಾಲ್ವ್‌ಗಳನ್ನು ನಡೆಸುವ ಪೈಲಟ್ ವಾಲ್ವ್ ತೆರೆಯುವುದೇ ಇಲ್ಲ. ಆಗ ಲಿವರ್ ಅಲ್ಲಾಡಿಸಿದ್ದೆಲ್ಲ ಸುಮ್ನೆ ವ್ಯರ್ಥ. ಅಕ್ಯುಮ್ಯುಲೇಟರ್ ಇದ್ದರೆ ಅದರ ಒತ್ತಡ ಬಿಡುವ ಕ್ರಮ ಪುಸ್ತಕದಲ್ಲಿರುತ್ತದೆ, ಅದನ್ನೇ ಪಾಲಿಸಿ. ಅದರೊಳಗೆ ಸಾರಜನಕ ಒತ್ತಿ ತುಂಬಿರುತ್ತದೆ, ಊಹೆಯಲ್ಲಿ ಬಿಚ್ಚುವ ವಸ್ತು ಅದಲ್ಲ. ಟ್ಯಾಂಕಿನ ಮುಚ್ಚಳವನ್ನು ನಿಧಾನ ಸಡಿಲಿಸಿ ಗಾಳಿ ಬಿಡಿ. ಕೀ ತೆಗೆದು ಕಿಸೆಯಲ್ಲಿಟ್ಟುಕೊಳ್ಳಿ. ಬ್ಯಾಟರಿ ಸ್ವಿಚ್ ಆಫ್ ಮಾಡಿ ‘ಕೆಲಸ ನಡೀತಿದೆ’ ಅಂತ ಚೀಟಿ ಕಟ್ಟಿ.

ಇಷ್ಟಾದ ಮೇಲೂ ನಟ್ಟನ್ನು ಒಂದೇ ಸಲಕ್ಕೆ ತಿರುಗಿಸಬೇಡಿ. ಕಾಲು ಸುತ್ತು ಸಡಿಲಿಸಿ, ಫಿಟ್ಟಿಂಗ್ ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕಾಯಿರಿ. ಎಣ್ಣೆ ಒತ್ತಿ ಬಂದರೆ ಕೈ ಬಿಡಿ, ಅದು ತಾನಾಗಿ ನಿಲ್ಲುವವರೆಗೆ ನೋಡಿ. ಕೆಲಸ ಮಾಡುತ್ತಿದ್ದ ಯಂತ್ರದ ಎಣ್ಣೆ ಕೈ ಸುಡುವಷ್ಟು ಬಿಸಿಯಿರುತ್ತದೆ. ಅದೂ ತಣಿಯಲಿ.

ಎಣ್ಣೆ ಚರ್ಮದೊಳಗೆ ಹೊಕ್ಕರೆ

ಸೂಜಿ ತೂತಿನಂಥ ಸೋರಿಕೆಯನ್ನು ಬೆರಳಾಡಿಸಿ ಹುಡುಕಬೇಡಿ. ಕೈಗವಸು ಹಾಕಿದ್ದರೂ ಬೇಡ. ಹೆಚ್ಚು ಒತ್ತಡದ ಎಣ್ಣೆಯ ಎಳೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಕೈಗವಸನ್ನೂ ಚರ್ಮವನ್ನೂ ದಾಟಿ ಮಾಂಸದೊಳಗೆ ಹೋಗುತ್ತದೆ. ಇದಕ್ಕೆ ಸುಮಾರು 7 ಬಾರ್ ಒತ್ತಡ ಸಾಕು (ಒಂದು ಬಾರ್ ಅಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ನಿಮ್ಮ ಯಂತ್ರ ಓಡುವುದು 200, 300 ಬಾರ್‌ನಲ್ಲಿ. ಹುಡುಕಲು ಉದ್ದನೆಯ ರಟ್ಟಿನ ತುಂಡು ಅಥವಾ ಹಲಗೆ ಬಳಸಿ.

ಈ ಗಾಯ ಮೋಸಗಾರ. ಮೊದಲಿಗೆ ಮುಳ್ಳು ಚುಚ್ಚಿದಷ್ಟೇ ಗುರುತು, ನೋವೂ ಹೆಚ್ಚಿರುವುದಿಲ್ಲ. ಕೆಲವು ಗಂಟೆಗಳಲ್ಲಿ ಕೈ ಊದಿಕೊಳ್ಳುತ್ತದೆ, ಒಳಗೆ ಮಾಂಸ ಸಾಯಲು ಶುರುವಾಗುತ್ತದೆ. ತಡವಾದರೆ ಬೆರಳನ್ನೋ ಕೈಯನ್ನೋ ಕತ್ತರಿಸಬೇಕಾಗುತ್ತದೆ. ಆದ್ದರಿಂದ ‘ನಾಳೆ ನೋಡೋಣ’ ಅನ್ನಬೇಡಿ. ಉಂಗುರ, ಗಡಿಯಾರ ಬಿಚ್ಚಿ, ಕೈ ಎತ್ತಿ ಹಿಡಿಯಲು ಹೇಳಿ. ಗಾಯ ಹಿಂಡಬೇಡಿ. ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ. ಒತ್ತಡದ ಎಣ್ಣೆ ಚರ್ಮದೊಳಗೆ ಹೊಕ್ಕಿದೆ ಅಂತ ವೈದ್ಯರಿಗೆ ಸ್ಪಷ್ಟವಾಗಿ ಹೇಳಿ, ಎಣ್ಣೆಯ ಡಬ್ಬದ ಮೇಲಿನ ಲೇಬಲ್ ತೋರಿಸಿ. ಇದಕ್ಕಾಗಿಯೇ ದೂರದ ಕಾಡಿನಲ್ಲಿ ಒಬ್ಬರೇ ಹೋಸ್ ಬಿಚ್ಚಬಾರದು. ಸಿಗ್ನಲ್ ಎಲ್ಲಿ ಸಿಗುತ್ತದೆ, ಗಾಡಿ ಯಾವ ದಾರಿಯಲ್ಲಿ ಹೋಗಬೇಕು ಅನ್ನುವುದು ತಂಡದ ಎಲ್ಲರಿಗೂ ಮೊದಲೇ ಗೊತ್ತಿರಬೇಕು.

ಬದಲಿಸುವುದೋ, ಹೊಸದು ಮಾಡುವುದೋ, ಮುಚ್ಚಿಡುವುದೋ

ಕಾಡಿನಲ್ಲಿ ಎಲ್ಲಕ್ಕಿಂತ ಒಳ್ಳೆಯ ರಿಪೇರಿ ಅಂದರೆ ಮೊದಲೇ ಮಾಡಿಟ್ಟ ಹೋಸನ್ನು ತಂದು ಹಾಕುವುದು. ಅದಿಲ್ಲದಿದ್ದರೆ ಹೊಸ ಹೋಸ್ ಕತ್ತರಿಸಿ ಫಿಟ್ಟಿಂಗ್ ಕೂರಿಸಬೇಕು. ಒಡೆದ ಜಾಗ ಕತ್ತರಿಸಿ ನಡುವೆ ಜಾಯಿನರ್ ಹಾಕುವುದು ಕೊನೆಯ ದಾರಿ. ಹಾಗೆ ಮಾಡಿದ ಹೋಸ್ ಬೇಸ್ ಕ್ಯಾಂಪ್ ತಲುಪುವವರೆಗೆ ಮಾತ್ರ. ಗ್ರಾಪಲ್ ಹತ್ತಿರದ ಬಾಗುವ, ತಿರುಗುವ ಹೋಸಿಗೆ ಅದೂ ಬೇಡ. ಒತ್ತಡದ ಹೋಸಿಗೆ ಟೇಪ್ ಸುತ್ತುವುದು, ಕ್ಲಿಪ್ ಬಿಗಿಯುವುದು ಇವೆಲ್ಲ ರಿಪೇರಿಯೇ ಅಲ್ಲ, ಅಪಾಯ.

ಒಂದು ಕೆಲಸಕ್ಕೆ ಮಾತ್ರ ಬೇಕಾದ ಹೋಸ್ ಒಡೆದಿದ್ದರೆ ಎರಡೂ ತುದಿಗೆ ಉಕ್ಕಿನ ಕ್ಯಾಪ್, ಪ್ಲಗ್ ಹಾಕಿ ಯಂತ್ರವನ್ನು ರಸ್ತೆವರೆಗೆ ನಡೆಸಬಹುದು. ಆದರೆ ಇಲ್ಲಿ ಎರಡು ಬಲೆಗಳಿವೆ. ಮೋಟರಿನ ಕೇಸ್ ಡ್ರೇನ್ ಹೋಸನ್ನು (ಮೋಟರಿನೊಳಗೆ ಸೋರಿದ ಎಣ್ಣೆ ಹೊರಗೆ ಹೋಗುವ ದಾರಿ), ಟ್ಯಾಂಕಿಗೆ ಮರಳುವ ಹೋಸನ್ನು ಯಾವತ್ತೂ ಮುಚ್ಚಬೇಡಿ. ಕೇಸ್ ಡ್ರೇನ್ ಮುಚ್ಚಿದರೆ ಒಳಗೆ ಒತ್ತಡ ಏರಿ ಮೋಟರಿನ ಶಾಫ್ಟ್ ಸೀಲ್ ಕಿತ್ತು ಬರುತ್ತದೆ. ಇನ್ನೊಂದು ಸಿಲಿಂಡರ್. ರಾಡ್ ಕಡೆಯ ದಾರಿ ಮುಚ್ಚಿ ಇನ್ನೊಂದು ಕಡೆಯಿಂದ ಎಣ್ಣೆ ತಳ್ಳಿದರೆ ಏನಾಗುತ್ತದೆ? ರಾಡ್ ಕಡೆ ಪಿಸ್ಟನ್ ಜಾಗ ಚಿಕ್ಕದು, ಹಾಗಾಗಿ ಅಲ್ಲಿಯ ಒತ್ತಡ ಪಂಪಿನ ಒತ್ತಡವನ್ನೂ ಮೀರುತ್ತದೆ. ಆದ್ದರಿಂದ ಮುಚ್ಚಿದ ಕೆಲಸದ ಲಿವರನ್ನು ಯಾರೂ ಮುಟ್ಟದಂತೆ ಕಟ್ಟಿಹಾಕಿ. ಬೂಮ್ ಎತ್ತುವ, ಬ್ರೇಕ್ ಹಾಕುವ, ಸ್ಟಿಯರಿಂಗ್ ತಿರುಗಿಸುವ ಹೋಸಿಗೆ ಈ ಉಪಾಯವೇ ಬೇಡ.

ಹೋಸ್ ಮೇಲಿನ ಬರಹ ಓದುವುದು

ಹೋಸ್ ಉದ್ದಕ್ಕೂ ಒಂದು ಗೆರೆ ಮತ್ತು ಬರಹ ಇರುತ್ತದೆ. ಒರೆಸಿ ಓದಿ. 1ಎಸ್‌ಎನ್ ಅಥವಾ 100ಆರ್1 ಅಂದರೆ ಒಂದು ಪದರ ತಂತಿ ಹೆಣಿಗೆ. 2ಎಸ್‌ಎನ್ ಅಥವಾ 100ಆರ್2 ಅಂದರೆ ಎರಡು ಪದರ. 4ಎಸ್‌ಪಿ, 4ಎಸ್‌ಎಚ್ ಅಂದರೆ ನಾಲ್ಕು ಪದರ ಸುರುಳಿ ತಂತಿ. ಡ್ಯಾಶ್ ಸಂಖ್ಯೆ ಒಳ ವ್ಯಾಸವನ್ನು ಇಂಚಿನ ಹದಿನಾರನೇ ಭಾಗಗಳಲ್ಲಿ ಹೇಳುತ್ತದೆ. ಡ್ಯಾಶ್ 6 ಅಂದರೆ 3/8 ಇಂಚು, ಡ್ಯಾಶ್ 8 ಅಂದರೆ ಅರ್ಧ ಇಂಚು, ಡ್ಯಾಶ್ 12 ಅಂದರೆ ಮುಕ್ಕಾಲು ಇಂಚು.

ತುಂಬಾ ಜನ ಎಡವುವುದು ಇಲ್ಲಿ: ಒಂದೇ ಜಾತಿಯ ಹೋಸ್ ಆದರೂ ಒಳ ವ್ಯಾಸ ಹೆಚ್ಚಿದಷ್ಟೂ ತಡೆಯುವ ಒತ್ತಡ ಕಡಿಮೆ. ಅರ್ಧ ಇಂಚಿನ 2ಎಸ್‌ಎನ್ 275 ಬಾರ್ ತಡೆಯುತ್ತದೆ, ಮುಕ್ಕಾಲು ಇಂಚಿನದು 215 ಬಾರ್ ಅಷ್ಟೇ. ಅದೇ ಮುಕ್ಕಾಲು ಇಂಚಿನ 4ಎಸ್‌ಪಿ 350 ಬಾರ್, 4ಎಸ್‌ಎಚ್ 420 ಬಾರ್ ತಡೆಯುತ್ತದೆ. ‘ಎರಡು ತಂತಿಯದು ಗಟ್ಟಿ’ ಅಂತ 300 ಬಾರ್ ಓಡುವ ಮುಕ್ಕಾಲು ಇಂಚಿನ ಲೈನಿಗೆ 2ಎಸ್‌ಎನ್ ಹಾಕಿದರೆ ಅದು ಎಷ್ಟು ದಿನ ಬಾಳೀತು ಹೇಳಿ?

ಹೋಸ್ ಸಿಡಿಯುವ ಒತ್ತಡ ಕೆಲಸದ ಒತ್ತಡದ ನಾಲ್ಕು ಪಟ್ಟು ಇರುತ್ತದೆ, ನಿಜ. ಆ ಅಂತರ ಇರುವುದು ದಿಮ್ಮಿ ಜರ್ಕ್ ಹೊಡೆದಾಗ ಏಳುವ ಒತ್ತಡಕ್ಕೆ, ಸವೆತಕ್ಕೆ, ವಯಸ್ಸಿಗೆ. ಅದನ್ನು ನಾವು ಮೊದಲೇ ಖರ್ಚು ಮಾಡಬಾರದು. ಹೊಸ ಹೋಸ್ ಹಳೆಯದರಷ್ಟೇ ಅಥವಾ ಅದಕ್ಕಿಂತ ಹೆಚ್ಚಿನ ಒತ್ತಡದ್ದೇ ಆಗಿರಲಿ, ಒಳ ವ್ಯಾಸ ಮಾತ್ರ ಅದೇ ಇರಲಿ.

ಥ್ರೆಡ್ ಗುರುತಿಸುವುದು

ಮೊದಲು ಸೀಲ್ ಆಗುವ ಮುಖ ನೋಡಿ, ಫಿಟ್ಟಿಂಗಿನ ಜಾತಿ ಅದರಿಂದ ತಿಳಿಯುತ್ತದೆ. 37 ಡಿಗ್ರಿ ಕೋನ್ ಇದ್ದರೆ ಜೆಐಸಿ. ಚಪ್ಪಟೆ ಮುಖದಲ್ಲಿ ಒ-ರಿಂಗ್ ಕೂತಿದ್ದರೆ ಒಆರ್‌ಎಫ್‌ಎಸ್. 24 ಡಿಗ್ರಿ ಕೋನ್ ಇದ್ದರೆ ಮೆಟ್ರಿಕ್ ಡಿನ್. 60 ಡಿಗ್ರಿ ಕೋನ್ ಇದ್ದರೆ ಸಾಮಾನ್ಯವಾಗಿ ಬಿಎಸ್‌ಪಿ. ಆಮೇಲೆ ವರ್ನಿಯರ್‌ನಿಂದ ಹೊರ ವ್ಯಾಸ, ಪಿಚ್ ಗೇಜ್‌ನಿಂದ ಹಲ್ಲುಗಳ ಅಂತರ ಅಳೆಯಿರಿ.

ಎರಡನ್ನೂ ಯಾಕೆ ಅಳೆಯಬೇಕು? ಅರ್ಧ ಇಂಚಿನ ಬಿಎಸ್‌ಪಿ ಥ್ರೆಡ್ ಸುಮಾರು 20.9 ಮಿ.ಮೀ. ಡ್ಯಾಶ್ 8 ಒಆರ್‌ಎಫ್‌ಎಸ್ ಸುಮಾರು 20.6 ಮಿ.ಮೀ. ಸವೆದ ಫಿಟ್ಟಿಂಗ್‌ನಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಆದರೆ ಒಂದಕ್ಕೆ ಇಂಚಿಗೆ 14 ಹಲ್ಲು, ಇನ್ನೊಂದಕ್ಕೆ 16. ಒಂದೆರಡು ಸುತ್ತು ತಿರುಗಿ ಬಿಗಿಯಾದರೆ ‘ಹಿಡೀತು’ ಅನಿಸುತ್ತದೆ. ಅದು ಹಿಡಿದದ್ದಲ್ಲ, ಹಲ್ಲು ಹಾಳಾದದ್ದು. ಸರಿಯಾದ ನಟ್ ಬರಿಗೈಯಲ್ಲೇ ಕೊನೆವರೆಗೆ ತಿರುಗಬೇಕು.

ಅಳತೆ, ಕತ್ತರಿಸುವುದು, ಶುಚಿ

ಹಳೆಯ ಹೋಸನ್ನು ಬಿಚ್ಚಿದ ಕೂಡಲೇ ಯಂತ್ರದ ತೆರೆದ ಬಾಯಿಗಳಿಗೆ ಕ್ಯಾಪ್ ಹಾಕಿ. ಬಟ್ಟೆ ತುರುಕಬೇಡಿ, ನೂಲು ಒಳಗೆ ಹೋಗುತ್ತದೆ. ಬಿಚ್ಚುವ ಮೊದಲೇ ಫಿಟ್ಟಿಂಗ್ ಸುತ್ತಲಿನ ಮಣ್ಣು, ಮರದ ಪುಡಿ, ಅಂಟನ್ನು ಬ್ರಷ್‌ನಿಂದ ತೆಗೆದಿರಬೇಕು.

ಹಳೆಯ ಹೋಸನ್ನು ನೇರ ಹಾಸಿ, ಒಂದು ಫಿಟ್ಟಿಂಗಿನ ಸೀಲ್ ಮುಖದಿಂದ ಇನ್ನೊಂದರ ಸೀಲ್ ಮುಖದವರೆಗೆ ಅಳೆಯಿರಿ. ತುದಿ ಬಾಗಿದ್ದರೆ ಆ ಬಾಯಿಯ ನಡುಗೆರೆಯವರೆಗೆ. ಈ ಉದ್ದದಲ್ಲಿ ಎರಡೂ ಫಿಟ್ಟಿಂಗ್‌ಗಳು ಹೋಸಿನಿಂದ ಹೊರಗೆ ಉಳಿಯುವ ಭಾಗ ಕಳೆಯಿರಿ. ಉಳಿದದ್ದೇ ಹೋಸ್ ಕತ್ತರಿಸಬೇಕಾದ ಉದ್ದ. ಎರಡೂ ತುದಿ ಬಾಗಿದ್ದರೆ ಅವುಗಳ ನಡುವಿನ ಕೋನವೂ ಮುಖ್ಯ. ಹಳೆಯದರ ಉದ್ದಕ್ಕೂ ಬಿಳಿ ಮಾರ್ಕರ್‌ನಿಂದ ನೇರ ಗೆರೆ ಎಳೆದು, ಹೊಸದರ ಮೇಲೂ ಹಾಗೇ ಎಳೆದು, ಅಕ್ಕಪಕ್ಕ ಇಟ್ಟು ಕೋನ ಹೊಂದಿಸಿ.

ಒತ್ತಡ ಬಂದಾಗ ಹೋಸ್ ಉದ್ದ ಬದಲಾಗುತ್ತದೆ. ಶೇ 4ರವರೆಗೆ ಕುಗ್ಗಬಹುದು, ಶೇ 2ರವರೆಗೆ ಹಿಗ್ಗಬಹುದು. ಅಂದರೆ ಒಂದು ಮೀಟರ್ ಹೋಸ್ 40 ಮಿ.ಮೀ. ಕುಗ್ಗೀತು. ಬಿಗಿಯಾಗಿ ಎಳೆದು ಕೂರಿಸಿದ ಹೋಸ್ ಫಿಟ್ಟಿಂಗ್‌ನಿಂದ ಕಿತ್ತುಬರುವುದು ಇದರಿಂದಲೇ.

ಕತ್ತರಿಸುವ ಜಾಗಕ್ಕೆ ಟೇಪ್ ಬಿಗಿಯಾಗಿ ಸುತ್ತಿ, ತಂತಿ ಬಿಚ್ಚಿಕೊಳ್ಳುವುದಿಲ್ಲ. ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡ್ ಸಾಕು, ಆದರೆ ಕಡಿತ ನೇರವಾಗಿರಬೇಕು. ನಾಲ್ಕು ಪದರದ ಹೋಸಿಗೆ ಪವರ್ ಕಟರ್ ಬೇಕಾಗುತ್ತದೆ. ಅದರ ಕಿಡಿ ಒಣ ಎಲೆಗೆ ಬೀಳದಂತೆ ಬರಿ ಮಣ್ಣಿನ ಜಾಗದಲ್ಲಿ ಕತ್ತರಿಸಿ, ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ.

ಈಗ ಎಲ್ಲರೂ ಬಿಟ್ಟುಬಿಡುವ ಹಂತ. ಕತ್ತರಿಸಿದಾಗ ರಬ್ಬರ್ ಮತ್ತು ಲೋಹದ ಪುಡಿ ಹೋಸಿನೊಳಗೆ ಬೀಳುತ್ತದೆ. ನಮ್ಮ ಕಣ್ಣಿಗೆ ಸುಮಾರು 40 ಮೈಕ್ರಾನ್‌ಗಿಂತ ಚಿಕ್ಕ ಕಣ ಕಾಣುವುದಿಲ್ಲ. ಪಂಪು, ವಾಲ್ವ್‌ಗಳ ಒಳಗಿನ ಸಂದುಗಳು ಕೆಲವೇ ಮೈಕ್ರಾನ್. ನೋಡಿ ‘ಸ್ವಚ್ಛ ಇದೆ’ ಅನ್ನುವುದಕ್ಕೆ ಬೆಲೆಯೇ ಇಲ್ಲ, ಅಲ್ವಾ? ಗಾಳಿ ಗನ್ ಇದ್ದರೆ ಹೋಸಿನ ಅಳತೆಯ ಫೋಮ್ ಗುಂಡನ್ನು ಎರಡೂ ಕಡೆಯಿಂದ ಹಾಯಿಸಿ. ಗುಂಡು ಸ್ವಚ್ಛವಾಗಿ ಹೊರಬರುವವರೆಗೆ ಮಾಡಿ. ಅದು ರಭಸದಿಂದ ಬರುತ್ತದೆ, ಆಚೆ ತುದಿಯಲ್ಲಿ ಚೀಲ ಹಿಡಿಯಿರಿ, ಕಣ್ಣಿಗೆ ಕನ್ನಡಕ ಇರಲಿ. ಗಾಳಿ ಇಲ್ಲದಿದ್ದರೆ ನೂಲು ಬಿಡದ ಬಟ್ಟೆಯನ್ನು ತಂತಿಗೆ ಕಟ್ಟಿ ಎಳೆದು, ಕೊನೆಗೆ ಹೊಸ ಎಣ್ಣೆ ಸುರಿದು ತೊಳೆಯಿರಿ. ಫಿಟ್ಟಿಂಗ್ ಹಾಕಿದ ಮೇಲೆ ಇನ್ನೊಮ್ಮೆ ಶುಚಿ ಮಾಡಿ ಎರಡೂ ತುದಿಗೆ ಕ್ಯಾಪ್ ಹಾಕಿ.

ಫಿಟ್ಟಿಂಗ್ ಕೂರಿಸುವುದು

ಎರಡು ವಿಧಾನಗಳಿವೆ. ಮೊದಲನೆಯದು ತಿರುಗಿಸಿ ಹಾಕುವ ಫಿಟ್ಟಿಂಗ್. ಯಂತ್ರ ಬೇಡ, ವೈಸ್ ಮತ್ತು ಸ್ಪ್ಯಾನರ್ ಸಾಕು. ಒಂದು, ಎರಡು ಪದರ ಹೆಣಿಗೆಯ ಹೋಸಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಇದಕ್ಕೆ ಎರಡು ಭಾಗ: ಹೋಸಿನ ಹೊರಗೆ ಕೂರುವ ಸಾಕೆಟ್, ಒಳಗೆ ಹೋಗುವ ನಿಪ್ಪಲ್. ಸಾಕೆಟ್‌ನಲ್ಲಿ ಎಡಗೈ ಥ್ರೆಡ್ ಇರುತ್ತದೆ. ಅದನ್ನು ವೈಸಿಗೆ ಹಾಕಿ, ಹೋಸನ್ನು ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗಿಸುತ್ತಾ ತಳ ಮುಟ್ಟಿಸಿ. ಆಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ. ನಿಪ್ಪಲ್‌ಗೂ ಹೋಸಿನ ಒಳಗೂ ಎಣ್ಣೆ ಧಾರಾಳವಾಗಿ ಹಚ್ಚಿ. ಒಣ ನಿಪ್ಪಲ್ ಒಳಗಿನ ರಬ್ಬರನ್ನು ಕೆತ್ತಿಬಿಡುತ್ತದೆ. ನಿಪ್ಪಲ್ ಅನ್ನು ಗಡಿಯಾರದ ದಿಕ್ಕಿಗೆ ತಿರುಗಿಸುತ್ತಾ ಹೋಗಿ, ಷಟ್ಕೋನಕ್ಕೂ ಸಾಕೆಟ್‌ಗೂ ನಡುವೆ ಸುಮಾರು 1 ಮಿ.ಮೀ. ಸಂದು ಉಳಿದಾಗ ನಿಲ್ಲಿಸಿ. ಕೆಲವು ಸಾಕೆಟ್‌ಗಳಿಗೆ ಹೋಸಿನ ಹೊರ ರಬ್ಬರ್ ಹೆರೆಯಬೇಕು, ಕೆಲವಕ್ಕೆ ಬೇಡ. ಹೆರೆಯುವಾಗ ತಂತಿಗೆ ಗಾಯವಾದರೆ ಆ ತುದಿ ಕತ್ತರಿಸಿ ಬಿಸಾಡಿ.

ಎರಡನೆಯದು ಕ್ರಿಂಪಿಂಗ್, ಅಂದರೆ ಫಿಟ್ಟಿಂಗನ್ನು ಯಂತ್ರದಲ್ಲಿ ಹೋಸ್ ಮೇಲೆ ಒತ್ತುವುದು. ಕೈಪಂಪಿನ ಅಥವಾ 12 ವೋಲ್ಟಿನ ಪೋರ್ಟಬಲ್ ಯಂತ್ರ ಪಿಕಪ್ ಹಿಂಬದಿಯಲ್ಲಿ ಕೂರುತ್ತದೆ. ನಾಲ್ಕು ಪದರದ ಹೋಸಿಗೆ ನಾನು ಇದನ್ನೇ ಹೇಳುತ್ತೇನೆ. ಕ್ರಮ ಹೀಗೆ. ಫಿಟ್ಟಿಂಗ್ ಎಷ್ಟು ಒಳಗೆ ಹೋಗಬೇಕು ಅಂತ ಅಳೆದು ಹೋಸ್ ಮೇಲೆ ಗುರುತು ಹಾಕಿ. ಎಣ್ಣೆ ಹಚ್ಚಿ, ಗುರುತಿನವರೆಗೆ ತಳ್ಳಿ. ಹೋಸ್ ಕಂಪನಿಯ ಚಾರ್ಟ್ ಹೇಳಿದ ಡೈ (ಒತ್ತುವ ಅಚ್ಚು) ಹಾಕಿ ಒತ್ತಿ. ಆಮೇಲೆ ಫಿಟ್ಟಿಂಗಿನ ಹೊರ ಬಳೆ ಅಂದರೆ ಫೆರೂಲ್‌ನ ನಡುಭಾಗದಲ್ಲಿ, ಡೈ ಬಿಟ್ಟ ಏಣುಗಳ ಮೇಲಲ್ಲ, ಏಣುಗಳ ನಡುವೆ ವರ್ನಿಯರ್ ಇಟ್ಟು ಅಳೆಯಿರಿ. ಎರಡು ಮೂರು ಕಡೆ ತಿರುಗಿಸಿ ನೋಡಿ. ಚಾರ್ಟಿನ ಅಳತೆ ಬಂದಿರಬೇಕು.

ಚಾರ್ಟ್ ಇರುವುದು ಒಂದು ಕಂಪನಿಯ ಹೋಸಿಗೆ ಅದೇ ಕಂಪನಿಯ ಫಿಟ್ಟಿಂಗ್ ಹಾಕಿದಾಗ. ಒಬ್ಬರ ಹೋಸಿಗೆ ಇನ್ನೊಬ್ಬರ ಫಿಟ್ಟಿಂಗ್ ಹಾಕಿದರೆ ಯಾವ ಅಳತೆಯೂ ನಂಬಿಕೆಗೆ ಬಾರದು. ಸಡಿಲ ಒತ್ತಿದರೆ ಹೋಸ್ ಕಿತ್ತು ಹಾರುತ್ತದೆ, ಜಾಸ್ತಿ ಒತ್ತಿದರೆ ತಂತಿ ಮುರಿಯುತ್ತದೆ. ಜಾಸ್ತಿ ಒತ್ತಿದ ಫಿಟ್ಟಿಂಗ್ ಆಗಲಿ, ಹಳೆಯ ಹೋಸಿನಿಂದ ತೆಗೆದ ಫಿಟ್ಟಿಂಗ್ ಆಗಲಿ ಮತ್ತೆ ಬಳಸಬೇಡಿ.

ಯಂತ್ರಕ್ಕೆ ಹಾಕುವುದು

ಒ-ರಿಂಗ್ ಹೊಸದು ಹಾಕಿ. ಹಳೆಯದು ನೋಡಲು ಚೆನ್ನಾಗಿದ್ದರೂ ಬದಲಿಸಿ. ಬಿಗಿಯುವಾಗ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿಯಲು, ಒಂದು ತಿರುಗಿಸಲು. ಒಂದರಲ್ಲೇ ಬಿಗಿದರೆ ಹೋಸ್ ತಿರುಚಿಕೊಳ್ಳುತ್ತದೆ. ಹೋಸ್ ಮೇಲಿನ ಬರಹದ ಗೆರೆ ನೇರವಾಗಿಯೇ ಇದೆಯೇ ನೋಡಿ. ಸುತ್ತಿಕೊಂಡಿದ್ದರೆ ಸಡಿಲಿಸಿ ಮತ್ತೆ ಹಾಕಿ. ತಿರುಚಿದ ಹೋಸ್ ಪ್ರತಿ ಸಲ ಒತ್ತಡ ಬಂದಾಗಲೂ ನೇರವಾಗಲು ಒದ್ದಾಡುತ್ತದೆ, ನಟ್ಟನ್ನೂ ಸಡಿಲಿಸುತ್ತದೆ.

ಬಾಗು ಫಿಟ್ಟಿಂಗ್ ಬುಡದಿಂದಲೇ ಶುರುವಾಗಬಾರದು. ಮೊದಲು ಹೋಸಿನ ಹೊರ ವ್ಯಾಸದ ಎರಡು ಪಟ್ಟಾದರೂ ನೇರ ಇರಲಿ. ಅರ್ಧ ಇಂಚಿನ 2ಎಸ್‌ಎನ್ ಹೋಸನ್ನು 180 ಮಿ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸುವಂತಿಲ್ಲ. ಬೂಮನ್ನು ಪೂರ್ತಿ ಚಾಚಿದಾಗ, ಪೂರ್ತಿ ಮಡಚಿದಾಗ, ಗ್ರಾಪಲ್ ತಿರುಗಿದಾಗ ಹೋಸ್ ಎಲ್ಲಿ ಉಜ್ಜುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಮನಸ್ಸಿನಲ್ಲೇ ನಡೆಸಿ ನೋಡಿ. ಉಜ್ಜುವ ಕಡೆ ನೈಲಾನ್ ಸ್ಲೀವ್ ಹಾಕಿ. ಮೊದಲಿದ್ದ ಕ್ಲಾಂಪ್‌ಗಳನ್ನೆಲ್ಲ ವಾಪಸ್ ಹಾಕಿ. ಬೇಗ ಮುಗಿಯಲಿ ಅಂತ ಒಂದು ಕ್ಲಾಂಪ್ ಬಿಟ್ಟರೆ ಪಕ್ಕದ ಹೋಸೂ ಸವೆಯುತ್ತದೆ.

ಗಾಳಿ ತೆಗೆದು ಪರೀಕ್ಷಿಸುವುದು

ಟ್ಯಾಂಕಿಗೆ ಅದೇ ಗ್ರೇಡಿನ ಎಣ್ಣೆಯನ್ನು ಫಿಲ್ಟರ್ ಮೂಲಕ ತುಂಬಿ. ಟ್ಯಾಂಕ್ ಪೂರ್ತಿ ಬರಿದಾಗಿದ್ದರೆ ಪಂಪಿನೊಳಗೂ ಎಣ್ಣೆ ತುಂಬಿಯೇ ಎಂಜಿನ್ ಚಾಲೂ ಮಾಡಬೇಕು. ಎಂಜಿನ್ ಕನಿಷ್ಠ ವೇಗದಲ್ಲಿರಲಿ. ರಿಪೇರಿ ಮಾಡಿದ ಸಿಲಿಂಡರನ್ನು ನಿಧಾನವಾಗಿ ಹಿಂದೆ ಮುಂದೆ ಆಡಿಸಿ, ಮೊದಲ ಕೆಲವು ಸಲ ಕೊನೆವರೆಗೆ ಒತ್ತಬೇಡಿ. ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಒಮ್ಮೆಲೇ ಒತ್ತಿದರೆ ಅದು ಕಾದು ಎಣ್ಣೆಯ ಆವಿ ಹೊತ್ತುತ್ತದೆ, ಸೀಲ್ ಸುಡುತ್ತದೆ. ಚಲನೆ ಜರ್ಕ್ ಇಲ್ಲದೆ ಬಂದ ಮೇಲೆ ವೇಗ ಏರಿಸಿ. ಈ ಹೊತ್ತಿನಲ್ಲಿ ಹೋಸಿನ ನೇರಕ್ಕೆ ಯಾರೂ ನಿಲ್ಲಬಾರದು. ಆಮೇಲೆ ಎಂಜಿನ್ ನಿಲ್ಲಿಸಿ, ಒತ್ತಡ ಇಳಿಸಿ, ಫಿಟ್ಟಿಂಗ್‌ಗಳನ್ನು ಒರೆಸಿ ಒದ್ದೆಯಿದೆಯೇ ನೋಡಿ, ಟ್ಯಾಂಕಿನ ಮಟ್ಟ ಇನ್ನೊಮ್ಮೆ ನೋಡಿ. ಒತ್ತಡ ಇರುವಾಗ ನಟ್ ಬಿಗಿಯಬೇಡಿ. ಹೋಸನ್ನು ಕಂಪ್ರೆಸರ್ ಗಾಳಿಯಿಂದ ಪರೀಕ್ಷಿಸುವ ಅಭ್ಯಾಸ ಕೆಲವರಿಗಿದೆ. ಅದು ಬೇಡವೇ ಬೇಡ. ಒತ್ತಿದ ಗಾಳಿ ಸಿಡಿದರೆ ಎಣ್ಣೆಗಿಂತ ಎಷ್ಟೋ ಭಯಂಕರ.

ಹಳೆಯ ಹೋಸ್ ಏನು ಹೇಳುತ್ತದೆ

ಒಡೆದ ಹೋಸನ್ನು ಎಸೆಯುವ ಮೊದಲು ನೋಡಿ. ಹೊರ ರಬ್ಬರ್ ಒಂದೇ ಕಡೆ ಸವೆದು ತಂತಿ ತುಕ್ಕು ಹಿಡಿದಿದ್ದರೆ ಉಜ್ಜಾಟ. ಬಾಗಿಸಿದಾಗ ಗಟ್ಟಿಯಾಗಿ ಬಿರುಕು ಬಿಟ್ಟರೆ ಶಾಖ ಅಥವಾ ವಯಸ್ಸು. ಫಿಟ್ಟಿಂಗ್ ಕಿತ್ತು ಬಂದಿದ್ದರೆ ಒತ್ತಿದ ಅಳತೆ ತಪ್ಪು, ಅಥವಾ ಹೋಸ್ ಒಳಗೆ ಪೂರ್ತಿ ಹೋಗಿರಲಿಲ್ಲ, ಅಥವಾ ಉದ್ದ ಸಾಲದು. ಹೊರಗೆ ಗುಳ್ಳೆ ಎದ್ದಿದ್ದರೆ ಒಳ ಪದರ ಸೋರುತ್ತಿತ್ತು. ಪಂಪಿಗೆ ಹೋಗುವ ಸಕ್ಷನ್ ಹೋಸ್ ಒಳಕ್ಕೆ ಕುಸಿದಿದ್ದರೆ ಸ್ಟ್ರೇನರ್ (ಸೋಸುವ ಜಾಲರಿ) ಕಟ್ಟಿಕೊಂಡಿದೆಯೇ, ಆ ಹೋಸ್ ಸಕ್ಷನ್‌ಗೆಂದೇ ಮಾಡಿದ್ದೇ ಅಂತ ಎರಡನ್ನೂ ನೋಡಿ. ಕಾರಣ ಸರಿಮಾಡದಿದ್ದರೆ ಹೊಸ ಹೋಸೂ ಅದೇ ಜಾಗದಲ್ಲಿ ಒಡೆಯುತ್ತದೆ.

ಪೆಟ್ಟಿಗೆಯಲ್ಲಿ ಏನಿರಬೇಕು

ಮೊದಲು ಯಂತ್ರದ ಸುತ್ತ ಒಂದು ಸುತ್ತು ಹಾಕಿ ಪ್ರತಿ ಹೋಸಿನ ಜಾತಿ, ಡ್ಯಾಶ್ ಸಂಖ್ಯೆ, ಉದ್ದ, ಎರಡೂ ತುದಿಯ ಥ್ರೆಡ್ ಬರೆದುಕೊಳ್ಳಿ. ಆ ಪಟ್ಟಿ ಇಲ್ಲದೆ ತುಂಬಿದ ಪೆಟ್ಟಿಗೆಯಲ್ಲಿ ಬೇಕಾದ ಒಂದೇ ಒಂದು ಫಿಟ್ಟಿಂಗ್ ಸಿಗುವುದಿಲ್ಲ. ಗ್ರಾಪಲ್ ಮೇಲಿನ, ಬೂಮ್ ತುದಿಯ, ಯಂತ್ರದ ನಡುವಿನ ಕೀಲಿನ ಹೋಸ್‌ಗಳಿಗೆ ಪೆಟ್ಟು ಜಾಸ್ತಿ. ಅವನ್ನು ಮೊದಲೇ ಮಾಡಿಸಿ, ಶುಚಿ ಮಾಡಿ, ಕ್ಯಾಪ್ ಹಾಕಿ, ಹೆಸರು ಬರೆದು ಕಪ್ಪು ಚೀಲದಲ್ಲಿಡಿ. ಬಿಸಿಲು, ಶಾಖ ರಬ್ಬರನ್ನು ತಿನ್ನುತ್ತವೆ. ಉಳಿದಂತೆ ಪಟ್ಟಿಯಲ್ಲಿ ಹೆಚ್ಚು ಸಲ ಬರುವ ಎರಡು ಮೂರು ಅಳತೆಯ ಹೋಸ್ ಸುರುಳಿ, ಅದಕ್ಕೆ ಫಿಟ್ಟಿಂಗ್, ಅಡಾಪ್ಟರ್, ಒ-ರಿಂಗ್ ಡಬ್ಬ, ಉಕ್ಕಿನ ಕ್ಯಾಪ್ ಮತ್ತು ಪ್ಲಗ್, ವರ್ನಿಯರ್, ಪಿಚ್ ಗೇಜ್, ಮಾರ್ಕರ್, ಕ್ರಿಂಪ್ ಚಾರ್ಟಿನ ಲ್ಯಾಮಿನೇಟ್ ಪ್ರತಿ, ಹೀರುವ ಪ್ಯಾಡ್, ಒಂದು ಡ್ರಮ್ ಎಣ್ಣೆ. ಚಾರ್ಟ್ ಫೋನಿನಲ್ಲಿ ಮಾತ್ರ ಇದ್ದರೆ ಸಾಲದು, ಕಾಡಿನಲ್ಲಿ ಚಾರ್ಜ್ ಮುಗಿಯುತ್ತದೆ.

ಪ್ರತಿ ರಿಪೇರಿ ಆದ ಸಂಜೆಯೇ ನೋಟ್‌ಬುಕ್‌ನಲ್ಲಿ ಯಾವ ಹೋಸ್, ಎಂಜಿನ್ ಎಷ್ಟು ಗಂಟೆ ಓಡಿತ್ತು, ಯಾಕೆ ಒಡೆಯಿತು, ಪೆಟ್ಟಿಗೆಯಿಂದ ಏನು ಖರ್ಚಾಯಿತು ಅಂತ ಬರೆಯಿರಿ. ತಾತ್ಕಾಲಿಕ ಜಾಯಿನರ್ ಹಾಕಿದ್ದರೆ ಕೆಂಪು ಟೇಪ್ ಕಟ್ಟಿ ಆಪರೇಟರ್‌ಗೆ ತೋರಿಸಿ. ಮುಂದಿನ ಗಾಡಿ ಪೇಟೆಗೆ ಹೋಗುವಾಗ ಖರ್ಚಾದ ಸಾಮಾನಿನ ಪಟ್ಟಿ ಅದರ ಜೊತೆಗೇ ಹೋಗಲಿ.